ರವಿವರ್ಮನ ಚಿತ್ರದಲ್ಲಿ ಸಮುದ್ರಕ್ಷೋಭೆ

ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರದ ಬೆಟ್ಟವು ವಿದ್ವಾಂಸರಿಗೆ ಅಶೋಕನ ಶಾಸನದಿಂದ ಪರಿಚಿತವಾದುದು. ಆ ಸೀಮೆಯ ಜನರಿಗಾದರೋ ಅದು ಜಟಾಯು ಬಿದ್ದ ಸ್ಥಳ. ರಾಮಕಥೆಯ ಅರಣ್ಯಕಾಂಡವನ್ನು ಅವರು ತಮ್ಮ ಬಂಡೆಗಳಲ್ಲಿಯೇ ಕಾಣಬಲ್ಲರು. ಯುದ್ಧಕಾಂಡದ ಕಡಲು ಮಾತ್ರ ದೂರ. ನೆರೆಯ ಚಳ್ಳಕೆರೆಯೂ ಸೇರಿ ಇದು ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಾಡು. ವೇದಾವತಿಗೆ ಹಿರಿಯೂರಿನ ಬಳಿ ಅಡ್ಡಗಟ್ಟಿ 1907ರಲ್ಲಿ ಪೂರೈಸಿದ ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂದು ಹೆಸರು. ಸಾಗರವೆಂದೊಡನೆ ಇಲ್ಲಿ ಮೊದಲು ನೆನಪಾಗುವುದೂ ಅದೇ.

ದಂಡಿಯು ಮಹಾಕಾವ್ಯದ ವರ್ಣನೆಗಳಲ್ಲಿ ನಗರದ ಬೆನ್ನಿಗೇ ಸಮುದ್ರವನ್ನು ಹೇಳಿದನು. ಒಳನಾಡಿನ ಕವಿಗಳೂ ಆ ವಿಧಿಯನ್ನು ಬಿಡಲಿಲ್ಲ. ಇಂತಹ ಪದ್ಯಗಳನ್ನು ಬಯಲುಸೀಮೆಯಲ್ಲಿ ಪಾಠಹೇಳುವ ಉಪಾಧ್ಯಾಯನಿಗೆ ಚಿತ್ರವೊಂದರ ನೆರವು ಬೇಕೆನಿಸುವುದು ಸಹಜ. ಕನ್ನಡನಾಡಿನಲ್ಲಿಯೇ ದೊರೆಯುವ ಪ್ರಸಿದ್ಧ ಚಿತ್ರವೆಂದರೆ ರಾಜಾ ರವಿವರ್ಮನು 1906ರಲ್ಲಿ, ತನ್ನ ಕೊನೆಯ ವರ್ಷದಲ್ಲಿ, ಮೈಸೂರು ಅರಮನೆಗಾಗಿ ಬರೆದ ಶ್ರೀರಾಮನ ಸಮುದ್ರದಮನದ ತೈಲಚಿತ್ರ. ಅದು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿದೆ. ಆದರೆ ಅದನ್ನು ಸಮುದ್ರವರ್ಣನೆಯೆಂದು ಮಕ್ಕಳ ಮುಂದಿಟ್ಟರೆ ಪ್ರಮಾದವಾದೀತು.

ರಾಮನು ಬಂಡೆಯ ಮೇಲೆ ಬಿಲ್ಲು ಹಿಡಿದು ನಿಂತಿದ್ದಾನೆ; ಕಡಲು ಉಕ್ಕೇರಿದೆ; ಅಲೆಗಳ ನಡುವೆ ವರುಣನು ಎದ್ದಿದ್ದಾನೆ. ನೀರಿನ ಭಾರವನ್ನೂ ನೊರೆಯನ್ನೂ ಯೂರೋಪಿನ ತೈಲವರ್ಣಪದ್ಧತಿಯಲ್ಲಿ ಕಣ್ಣಿಗೆ ಕಂಡಂತೆ ತೀಡಿರುವುದರಿಂದ, ನೋಡುವವನು ಇದನ್ನು ತೀರದಲ್ಲಿ ನಿಂತು ಕಂಡ ಬಿರುಗಾಳಿಯೆಂದೇ ಭಾವಿಸುತ್ತಾನೆ. ಕಥೆಯಲ್ಲಿ ಅದು ಹಾಗಿಲ್ಲ. ರಾಮನು ಮೂರು ರಾತ್ರಿ ದರ್ಭೆಯ ಮೇಲೆ ಮಲಗಿ ಕಾದರೂ ಸಮುದ್ರನು ಮೈದೋರಲಿಲ್ಲವೆಂದು ವಾಲ್ಮೀಕಿ ಹೇಳುತ್ತಾನೆ. ಅನಂತರ ಬಾಣಪ್ರಯೋಗ, ಅದರಿಂದಲೇ ಕ್ಷೋಭೆ, ಕತ್ತಲೆ, ಸಿಡಿಲು. (ಅಲ್ಲಿ ಎದ್ದುಬರುವವನು ಸಾಗರನೇ; ವರುಣನನ್ನು ತರುವುದು ಕಂಬನ ದಾರಿ.) ಆದುದರಿಂದ ಈ ಅಲೆಯು ಆಲಂಕಾರಿಕರ ಮಾತಿನಲ್ಲಿ ಉದ್ದೀಪನವಿಭಾವವಲ್ಲ. ರಾಮನ ಕ್ರೋಧವು ಹೊರಗೆ ತೋರಿದ ರೂಪವಾಗಿ, ಅದು ಬಹುಮಟ್ಟಿಗೆ ಅನುಭಾವದ ಸ್ಥಾನದಲ್ಲಿದೆ. ಬಿಲ್ಲು ಇಳಿದರೆ ಅಲೆಯೂ ಇಳಿಯತಕ್ಕದ್ದು.

ಕೋಪದ ಕಾರಣವಿಲ್ಲದ ಬಿರುಗಾಳಿಯನ್ನು ಕಾಣಬೇಕೆಂಬವರು ಫ್ರಾನ್ಸಿನ ಗುಸ್ತಾವ್ ಕೂರ್ಬೆಯನ್ನು ನೋಡಬೇಕು. ವಾಸ್ತವತೆಯೆಂಬ ಹೆಸರನ್ನೇ ಎತ್ತಿಹಿಡಿದು 1855ರಲ್ಲಿ ಪ್ಯಾರಿಸಿನಲ್ಲಿ ಪ್ರತ್ಯೇಕ ಪ್ರದರ್ಶನ ನಡೆಸಿದ ಈತನೂ ಒಳನಾಡಿನವನೇ. ಓರ್ನಾಂ ಎಂಬ ಊರಿನಲ್ಲಿ 1819ರಲ್ಲಿ ಹುಟ್ಟಿ, ಕಡಲನ್ನು ಮೊದಲು ಕಂಡುದು 1841ರಲ್ಲಿ. 1869ರಲ್ಲಿ ಎತ್ರೆತಾ ತೀರದಲ್ಲಿ ತಂಗಿ ಅಲೆಗಳನ್ನು ಅಭ್ಯಸಿಸಿದನು. 1870ರ ಪ್ರದರ್ಶನದಲ್ಲಿಟ್ಟ ಅವನ ‘ಕ್ಷುಬ್ಧ ಸಮುದ್ರ’ದಲ್ಲಿ ದಡಕ್ಕೆಳೆದ ಎರಡು ದೋಣಿಗಳು, ಕವಿದ ಮೋಡ, ಮಗುಚಿ ಬೀಳಲಿರುವ ಅಲೆ, ಇಷ್ಟೆ. ಕಡಲನ್ನು ತಡವಾಗಿ ಕಂಡವನೇ ಅದನ್ನು ಕಥೆಯಿಂದ ಬಿಡಿಸಿ ನೋಡಿದನೆಂಬುದು ಗಮನಾರ್ಹ. ಚಳ್ಳಕೆರೆಯ ವಿದ್ಯಾರ್ಥಿಗೆ ಕಡಲು ಎಂತಹುದೆಂದು ತಿಳಿಸಲು ಇದು ಹೆಚ್ಚು ಯೋಗ್ಯ. ಕಾವ್ಯದಲ್ಲಿ ಕಡಲು ಏನು ಮಾಡುತ್ತದೆಂಬುದಕ್ಕೆ ರವಿವರ್ಮನೇ ಬೇಕು.

ರವಿವರ್ಮನ ಚಿತ್ರವು ಹೇಳದೆ ಬಿಟ್ಟ ಸಂಗತಿಯೊಂದುಂಟು. ಹೂಡಿದ ಅಸ್ತ್ರವು ವ್ಯರ್ಥವಾಗಬಾರದು. ಸಾಗರನ ಬೇಡಿಕೆಯಂತೆ ರಾಮನು ಅದನ್ನು ಉತ್ತರದ ದ್ರುಮಕುಲ್ಯದ ಮೇಲೆ ಬಿಟ್ಟನು. ಅಲ್ಲಿಯ ನೀರು ಬತ್ತಿ ಮರುಕಾಂತಾರವಾಯಿತು. ಆ ನೆಲಕ್ಕೆ ಪಶುಗಳಿಗೆ ಹಿತವಾಗಲೆಂಬ ವರವೂ ದೊರೆಯಿತು. ಅಮೃತಮಹಲ್ ಕಾವಲುಗಳ ಸೀಮೆಯಲ್ಲಿ ಈ ಸರ್ಗವನ್ನು ಓದುವವರು ಕಡಲಿಗಿಂತ ಈ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಸಂಭವ.