ದೂರ ಒಂದೇ, ಹೊತ್ತು ಬೇರೆ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಹೋದವರಿಗೆ ಒಂದು ಅನುಮಾನ ಬಂದಿರುತ್ತದೆ. ಟಿಕೆಟಿನಲ್ಲಿ ಒಂದು ಗಂಟೆಯೋ ಇನ್ನೂ ಹೆಚ್ಚೋ ಇತ್ತು. ಬಾಟಲಿಯ ನೀರು ಮುಗಿಯುವಷ್ಟರಲ್ಲಿ ಘಟ್ಟ ದಾಟಿ ಬಜ್ಪೆ ಬಂದೇ ಬಿಟ್ಟಿತಲ್ಲ! ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಯಿಂದ ಮಂಗಳೂರಿನ ನಿಲ್ದಾಣವಿರುವ ಬಜ್ಪೆಗೆ ನೇರ ದೂರ ಸುಮಾರು 305 ಕಿ.ಮೀ. ಅಷ್ಟಕ್ಕೆ ಮುಕ್ಕಾಲು ಗಂಟೆ ಹಾರಿದರೆ ಸಾಕು, ಮಿಕ್ಕದ್ದೆಲ್ಲ ನೆಲದ ಮೇಲೆ ಉರುಳುವ, ಸರದಿ ಕಾಯುವ ಹೊತ್ತು. ವಿಮಾನ ನಿಂತ ಜಾಗ ಬಿಟ್ಟ ಕ್ಷಣದಿಂದ ಇನ್ನೊಂದೆಡೆ ಹೋಗಿ ನಿಲ್ಲುವವರೆಗಿನದನ್ನು ಕಸುಬಿನವರು ಬ್ಲಾಕ್ ಟೈಮ್ ಎನ್ನುತ್ತಾರೆ. ಟಿಕೆಟಿನಲ್ಲಿ ಅಚ್ಚಾಗುವುದು ಇದೇ ಲೆಕ್ಕ.

ದೂರವನ್ನು ಯಾರು ಬೇಕಾದರೂ ಅಳೆಯಬಹುದು. ಶಾಲೆಯ ಗ್ಲೋಬಿನ ಮೇಲೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಒಂದು ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ಗೋಡೆಯ ನಕ್ಷೆ ನೋಡಿ ಬೆಳೆದ ನಾವು ಅದು ಪೆಸಿಫಿಕ್ ಸಾಗರದ ನಡುವೆ ಹೋಗುತ್ತದೆಂದುಕೊಂಡರೆ, ದಾರ ಸರ್ರನೆ ಉತ್ತರಕ್ಕೆ ಜಾರಿ ಸೈಬೀರಿಯಾದ ತುದಿ ಹತ್ತುತ್ತದೆ. ಸುಮಾರು 13,990 ಕಿ.ಮೀ. ಈ ಅಂಕಿ ಬದಲಾಗದು.

ಬದಲಾಗುವುದು ಗಾಳಿ. ಅದನ್ನು ಓದುವವರು ಫ್ಲೈಟ್ ಡಿಸ್ಪ್ಯಾಚರ್‌ಗಳು. ಪ್ರಯಾಣಿಕರು ಇವರ ಮುಖ ನೋಡುವುದೇ ಇಲ್ಲ. ಕೆಳಗೆ ಯಾವುದೋ ಕೋಣೆಯಲ್ಲಿ ಕೂತು ಹಾದಿ, ಎತ್ತರ, ಇಂಧನ ಗೊತ್ತುಮಾಡುತ್ತಾರೆ. ಹತ್ತು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುವುದುಂಟು. ಬೆನ್ನಿಗಿದ್ದರೆ ವರ, ಎದುರಾದರೆ ಗೋಡೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಚಾಲಕರ ಕೈಯಲ್ಲಿ, ಉತ್ತರ ಧ್ರುವದ ಮೇಲಿಂದ ಹಾದು 11ರ ನಸುಕಿನಲ್ಲಿ ದೇವನಹಳ್ಳಿಗೆ ಇಳಿಯಿತು. ಹದಿನೇಳು ಗಂಟೆಯ ಹಾರಾಟ, ಗಡಿಯಾರಗಳ ಹದಿಮೂರೂವರೆ ಗಂಟೆಯ ಅಂತರ. 10ನೇ ತಾರೀಕು ಹೆಚ್ಚುಕಮ್ಮಿ ಆಕಾಶದಲ್ಲೇ ಕರಗಿತು. ಧ್ರುವವನ್ನೇ ಮುಟ್ಟಿ ಬಂದರೆ ದಾರದ ಹಾದಿಗಿಂತ ಸುಮಾರು 380 ಕಿ.ಮೀ. ಹೆಚ್ಚಾಗುತ್ತದೆ. ಆದರೂ ಎದುರುಗಾಳಿ ತಪ್ಪಿದರೆ ಸುತ್ತುದಾರಿಯೇ ಲಾಭ. ಈ ಕಸುಬಿನಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು.

ಆದರೆ ಧ್ರುವದ ಹಾದಿಗೆ ಅದರದೇ ಕಾಟಗಳಿವೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟತೊಡಗುತ್ತದೆ. ಟ್ಯಾಂಕಿನ ಉಷ್ಣಾಂಶ ಅತ್ತ ವಾಲಿದರೆ ಕೆಳಗಿನ, ತುಸು ಬೆಚ್ಚಗಿನ ಗಾಳಿಗೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಎರಡಕ್ಕೂ ಇಂಧನ ಹೆಚ್ಚು ಬೇಕು. ಹಾಗಂತ ಸುಮ್ಮನೆ ಜಾಸ್ತಿ ತುಂಬಿಸುವಂತಿಲ್ಲ. ಮೇವು ಹೊತ್ತ ಎತ್ತು ಹೊತ್ತ ದಣಿವಿಗೇ ಒಂದಿಷ್ಟು ಮೇವು ತಿಂದುಬಿಡುವಂತೆ, ಭಾರ ಹೆಚ್ಚಿದಷ್ಟೂ ಉರಿಯುವುದೂ ಹೆಚ್ಚು. ಆದ್ದರಿಂದ ದಾರಿಗೆಷ್ಟು, ಅನಿರೀಕ್ಷಿತಕ್ಕೆಷ್ಟು, ಬೇರೊಂದು ನಿಲ್ದಾಣಕ್ಕೆ ತಿರುಗಲು ಎಷ್ಟು, ಕೊನೆಗೆ ಅಲ್ಲಿ ಅರ್ಧ ಗಂಟೆ ಸುತ್ತಲು ಎಷ್ಟು ಎಂದು ಡಿಸ್ಪ್ಯಾಚರ್ ಒಂದು ಕಾಗದದಲ್ಲಿ ಬಿಡಿಬಿಡಿಯಾಗಿ ಬರೆಯುತ್ತಾರೆ.

ಆಷಾಢದ ಮಳೆಯಲ್ಲಿ ಗುಡ್ಡದ ನೆತ್ತಿಯ ಬಜ್ಪೆ ರನ್‌ವೇ ಕಾಣದೆ ವಿಮಾನ ವಾಪಸು ಬಂದಾಗ ಎಲ್ಲರೂ ಗೊಣಗುತ್ತೇವೆ. ನಾನೂ ಗೊಣಗಿದ್ದೇನೆ. ದೇವನಹಳ್ಳಿಗೆ ಮರಳಲು ಬೇಕಾದ ಇಂಧನದ ಸಾಲು, ನಾವು ಬೆಲ್ಟು ಕಟ್ಟಿಕೊಳ್ಳುವ ಮೊದಲೇ ಆ ಕಾಗದದಲ್ಲಿ ಬರೆದಾಗಿತ್ತು.