ಕುರ್ಚಿಯ ಲೆಕ್ಕ ಬಾಯಲ್ಲಿ, ಗೂಡಿನ ಲೆಕ್ಕ ಬ್ಯಾಂಕಾಕಿನಲ್ಲಿ

ರಾಮನಗರ ಕಡೆಯವರು ನಾಲ್ಕು ಜನ ಸೇರಿದರೆ ಮಾತು ಮಳೆಯಿಂದ ಶುರುವಾಗಲಿ, ಮದುವೆಯಿಂದ ಶುರುವಾಗಲಿ, ಬಂದು ನಿಲ್ಲೋದು ಒಂದೇ ಕಡೆ: ಸಿಎಂ ಕುರ್ಚಿ ಯಾರಿಗೆ? ಇದರಲ್ಲಿ ತಪ್ಪೇನೂ ಇಲ್ಲ. ಕುರ್ಚಿಯ ಜೊತೆ ಈ ನೆಲಕ್ಕೆ ಇರುವ ನಂಟು ಅಂಥದ್ದು.

ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ ರಾಮನಗರ ತಾಲ್ಲೂಕಿನವರು. 1983ರಲ್ಲಿ ಮುಖ್ಯಮಂತ್ರಿಯಾದ ಮೇಲೆ ರಾಮಕೃಷ್ಣ ಹೆಗಡೆ ಉಪಚುನಾವಣೆಯಲ್ಲಿ ಗೆದ್ದಿದ್ದು ಕನಕಪುರದಿಂದ. 1994ರಲ್ಲಿ ಎಚ್.ಡಿ. ದೇವೇಗೌಡರು ಗೆದ್ದಿದ್ದು ರಾಮನಗರದಿಂದ; ಅಲ್ಲಿಂದ ವಿಧಾನಸೌಧ, 1996ರಲ್ಲಿ ದಿಲ್ಲಿ. ಎಚ್.ಡಿ. ಕುಮಾರಸ್ವಾಮಿ ಎರಡು ಸಲ ಮುಖ್ಯಮಂತ್ರಿಯಾದಾಗಲೂ ಕ್ಷೇತ್ರ ಇದೇ ಸೀಮೆಯದು. ಇನ್ನು ಕನಕಪುರದ ಡಿ.ಕೆ. ಶಿವಕುಮಾರ್ 2020ರಲ್ಲಿ ಕೆಪಿಸಿಸಿ ಅಧ್ಯಕ್ಷರಾದಾಗಿನಿಂದ ‘ಯಾವಾಗ?’ ಅನ್ನೋ ಪ್ರಶ್ನೆ ಹಳ್ಳಿ ಕಟ್ಟೆಯಿಂದ ವಾಟ್ಸ್‌ಆ್ಯಪ್ ಗ್ರೂಪಿನವರೆಗೆ ಓಡಾಡ್ತಾನೇ ಇದೆ.

ಆದರೆ ಇದೇ ಜಿಲ್ಲೆಯ ಹೊಟ್ಟೆಪಾಡಿಗೆ ಸಂಬಂಧಪಟ್ಟ ಇನ್ನೊಂದು ತೀರ್ಮಾನ 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಆಯ್ತು. ಅದರ ಬಗ್ಗೆ ಎಷ್ಟು ಜನ ಮಾತಾಡಿದ್ವಿ?

ಆ ದಿನ ಆಗಿದ್ದೇನು?

ಆರ್‌ಸಿಇಪಿ ಅಂತ ಒಂದು ಒಪ್ಪಂದ. ಆಸಿಯಾನ್‌ನ ಹತ್ತು ದೇಶಗಳು, ಜೊತೆಗೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಭಾರತ: ಒಟ್ಟು 16 ದೇಶಗಳ ದೊಡ್ಡ ಸಂತೆ. ಒಬ್ಬರ ಸರಕು ಇನ್ನೊಬ್ಬರ ಊರಿಗೆ ಹೋಗುವಾಗ ಸುಂಕ ಹಂತಹಂತವಾಗಿ ಇಳಿಸಬೇಕು ಅನ್ನೋದು ಅದರ ತಿರುಳು. ಏಳು ವರ್ಷದ ಹತ್ತಿರ ಮಾತುಕತೆಯಲ್ಲಿ ಕೂತಿದ್ದ ಭಾರತ, ಕೊನೆ ಗಳಿಗೆಯಲ್ಲಿ ಎದ್ದು ಬಂತು. ಉಳಿದ 15 ದೇಶಗಳು 2020ರ ನವೆಂಬರ್‌ನಲ್ಲಿ ಸಹಿ ಹಾಕಿದವು. 2022ರ ಜನವರಿ 1ರಿಂದ ಒಪ್ಪಂದ ಜಾರಿಗೆ ಬಂತು. ಭಾರತ ಮನಸ್ಸು ಬದಲಾಯಿಸಿದರೆ ಬರಬಹುದು ಅಂತ ಬಾಗಿಲನ್ನೂ ತೆರೆದಿಟ್ಟಿದ್ದಾರೆ.

ಆ ವರ್ಷ ನಮ್ಮ ಕಡೆ ಏನು ನಡೀತಿತ್ತು ನೆನಪಿದೆಯಾ? ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ ಬಿತ್ತು. ಸೆಪ್ಟೆಂಬರ್‌ನಲ್ಲಿ ಶಿವಕುಮಾರ್ ಅವರನ್ನು ಇ.ಡಿ. ಬಂಧಿಸಿತು, ಅಕ್ಟೋಬರ್‌ನಲ್ಲಿ ಜಾಮೀನು ಸಿಕ್ಕಿತು. ಜಿಲ್ಲೆಯ ಕಣ್ಣೆಲ್ಲ ಆ ಇಬ್ಬರ ಮೇಲೇ ನೆಟ್ಟಿತ್ತು.

ರೇಷ್ಮೆ, ಹಾಲು, ಬೊಂಬೆ

ಈ ಒಪ್ಪಂದದಲ್ಲಿ ನಮಗೇನು ಪಾಲು ಅಂತ ಕೇಳ್ತೀರಾ? ಮೂರು ಪದಾರ್ಥ ತಗೊಳ್ಳಿ.

ಮೊದಲು ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದದ್ದು. ಹಿಪ್ಪುನೇರಳೆ ಸೊಪ್ಪು ಹಾಕಿ, ಹಗಲು ರಾತ್ರಿ ಹುಳು ಕಾದು, ಚಂದ್ರಿಕೆಯಿಂದ ಗೂಡು ಬಿಡಿಸಿ ತಂದ ರೈತನಿಗೆ ಆ ದಿನದ ಹರಾಜೇ ದೇವರು. ಗೂಡನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟು ಬೆಲೆಗೆ ಕಾಯುವ ಹಾಗಿಲ್ಲ, ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಗೆ ಬಂದುಬಿಡುತ್ತೆ. ಆ ಹರಾಜಿನ ಬೆಲೆ ನಿಂತಿರೋದು ಚೀನಾದಿಂದ ಬರುವ ಕಚ್ಚಾ ರೇಷ್ಮೆಗೆ ನಾವು ಹಾಕುವ ಸುಂಕದ ಮೇಲೆ. 2011ರ ಕೇಂದ್ರ ಬಜೆಟ್ ಆ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದಿದ್ದರು. 2013ರಲ್ಲಿ ಅದು ಶೇ 15ಕ್ಕೆ ಏರಿತು, ನಡುವೆ ಶೇ 10ಕ್ಕೆ ಇಳಿದು, 2021ರಲ್ಲಿ ಮತ್ತೆ ಶೇ 15 ಆಯ್ತು. ದಿಲ್ಲಿಯ ಬಜೆಟ್ ಪುಸ್ತಕದಲ್ಲಿ ಒಂದು ಸಾಲು, ಇಲ್ಲಿ ಒಂದು ಮನೆಯ ವರ್ಷದ ಲೆಕ್ಕ.

ಎರಡನೆಯದು ಹಾಲು. ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಗಳೇ ಹೆಚ್ಚು. ಎಷ್ಟೋ ಮಕ್ಕಳ ಕಾಲೇಜು ಫೀಸು ಆ ದುಡ್ಡಿನಿಂದಲೇ ಕಟ್ಟಿದ್ದು. ಇದನ್ನು ಓದುತ್ತಿರುವ ನೀವೂ ಅವರಲ್ಲಿ ಒಬ್ಬರಿರಬಹುದು. ಮಾರಾಟವಾಗದೆ ಉಳಿದ ಹಾಲನ್ನು ಒಕ್ಕೂಟಗಳು ಪುಡಿ ಮಾಡುತ್ತವೆ. ಪುಡಿಯ ಬೆಲೆ ಬಿದ್ದರೆ ರೈತನಿಗೆ ಕೊಡುವ ದರಕ್ಕೆ ಕತ್ತರಿ. ನ್ಯೂಜಿಲೆಂಡಿನ ಅಗ್ಗದ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ, ರಾಜ್ಯ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಎಷ್ಟು ದಿನ ತಡೆದೀತು? 2019ರಲ್ಲಿ ಹೈನುಗಾರರು ಆತಂಕಪಟ್ಟಿದ್ದು ಇದಕ್ಕೇ.

ಮೂರನೆಯದು ಚನ್ನಪಟ್ಟಣದ ಬೊಂಬೆ. ಹಾಲೆ ಮರ, ಅರಗಿನ ಬಣ್ಣ, ಭೌಗೋಳಿಕ ಸೂಚಕದ ಮಾನ್ಯತೆ ಎಲ್ಲ ಇದ್ದರೂ ಚೀನಾದ ಪ್ಲಾಸ್ಟಿಕ್ ಎದುರು ಕುಸ್ತಿ ಕಷ್ಟವಿತ್ತು. ಒಪ್ಪಂದದಿಂದ ಹೊರಗೆ ಬಂದ ಮೂರೇ ತಿಂಗಳಿಗೆ, 2020ರ ಬಜೆಟ್‌ನಲ್ಲಿ, ಕೇಂದ್ರ ಆಟಿಕೆ ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿತು. 2023ರಲ್ಲಿ ಶೇ 70 ಮಾಡಿತು. ಒಪ್ಪಂದದ ಒಳಗಿದ್ದು ಚೀನಾಕ್ಕೆ ಮಾತು ಕೊಟ್ಟಿದ್ದರೆ ಹೀಗೆ ಏರಿಸೋದು ಅಷ್ಟು ಸಲೀಸಾಗುತ್ತಿರಲಿಲ್ಲ.

ಹಾಗಾದ್ರೆ ಬಿಟ್ಟಿದ್ದೇ ಒಳ್ಳೇದಾಯ್ತಾ?

ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ಇದೇ ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ ಟೊಯೊಟಾ ಇದೆ, ಬಾಷ್ ಇದೆ. ಅಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರ ಸಂಬಳ ನಿಂತಿರೋದು ಬಿಡಿಭಾಗಗಳು ಗಡಿ ದಾಟಿ ಸರಾಗವಾಗಿ ಬಂದುಹೋಗುವುದರ ಮೇಲೆ. ಸುಂಕದ ಗೋಡೆ ಎತ್ತರವಾದಷ್ಟೂ, ಹೊಸ ಕಾರ್ಖಾನೆ ಹಾಕುವವರು ಒಪ್ಪಂದದ ಒಳಗಿರುವ ವಿಯೆಟ್ನಾಂ, ಥಾಯ್ಲೆಂಡ್ ಕಡೆ ನೋಡುವ ಸಾಧ್ಯತೆ ಹೆಚ್ಚು. ಒಂದೇ ಮನೆಯಲ್ಲಿ ಅಪ್ಪನಿಗೆ ಗೋಡೆ ಬೇಕು, ಮಗನಿಗೆ ಬಾಗಿಲು ಬೇಕು!

ಗೋಡೆಯಲ್ಲಿ ಕಿಂಡಿಗಳೂ ಇವೆ. ಆಸಿಯಾನ್ ಜೊತೆ ನಮಗೆ 2010ರಿಂದಲೇ ಬೇರೆ ಒಪ್ಪಂದ ಇದೆ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿ ಆಯ್ತು. ಅದೇ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಜೊತೆ ಮಾತುಕತೆ ಮುಗಿಯಿತು, ಅಲ್ಲಿ ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟಿದ್ದಾರೆ. ಅಂದರೆ 2019ರಲ್ಲಿ ಸಂತೆ ಬಿಟ್ಟು ಬಂದವರು ಈಗ ಒಂದೊಂದೇ ಅಂಗಡಿಯ ಹತ್ತಿರ ಹೋಗಿ ಚೌಕಾಸಿ ಮಾಡ್ತಿದ್ದಾರೆ. ಪ್ರತಿ ಚೌಕಾಸಿಯಲ್ಲೂ ರೇಷ್ಮೆ, ಹಾಲು ಪಟ್ಟಿಯ ಒಳಗೋ ಹೊರಗೋ ಅನ್ನೋದನ್ನ ನೋಡ್ತಾ ಇರಬೇಕು.

ಬ್ರಿಟನ್‌ನಲ್ಲಿ ಹಾಗೆ, ಇಲ್ಲಿ ಹೀಗೆ

ಬ್ರಿಟನ್‌ನಲ್ಲಿ ಒಕ್ಕೂಟ ಬಿಡುವ ಪ್ರಶ್ನೆಯೂ ಪಕ್ಷದ ಕುರ್ಚಿಯ ಪ್ರಶ್ನೆಯೂ ಒಂದೇ ಆಗಿಹೋಯ್ತು. 2016ರ ಜನಮತದಲ್ಲಿ ಸೋತ ಕ್ಯಾಮರೂನ್ ಹೋದರು, ಒಪ್ಪಂದ ಪಾಸು ಮಾಡಿಸಲಾಗದೆ ಥೆರೆಸಾ ಮೇ ಹೋದರು, ‘ಮುಗಿಸ್ತೀನಿ’ ಅಂತ ಬೋರಿಸ್ ಜಾನ್ಸನ್ ಬಂದರು. ಲಿಜ್ ಟ್ರಸ್ ಎರಡು ತಿಂಗಳೂ ನಿಲ್ಲಲಿಲ್ಲ. ಕೊನೆಗೆ 2022ರಲ್ಲಿ ನಮ್ಮ ಸುಧಾಮೂರ್ತಿಯವರ ಅಳಿಯ ರಿಷಿ ಸುನಕ್ ಪ್ರಧಾನಿಯಾಗಿದ್ದೂ ಪಕ್ಷದೊಳಗಿನ ಆಯ್ಕೆಯಿಂದಲೇ. ಗದ್ದಲ, ಅನಿಶ್ಚಿತತೆ ಎರಡೂ ವಿಪರೀತ. ಆದರೆ ನಾಯಕನಾಗಲು ಬಂದವರು ‘ನನ್ನ ನಿಲುವು ಇದು’ ಅಂತ ಹೇಳಲೇಬೇಕಿತ್ತು.

ನಮ್ಮಲ್ಲಿ ಕುರ್ಚಿಯ ಚರ್ಚೆಯೇ ಬೇರೆ, ಸುಂಕದ ಚರ್ಚೆಯೇ ಬೇರೆ. ಇದಕ್ಕೊಂದು ಕಾರಣವೂ ಇದೆ. ಕೃಷಿ ರಾಜ್ಯದ ವಿಷಯ. ವಿದೇಶಿ ಒಪ್ಪಂದ, ಸುಂಕ ಕೇಂದ್ರದ್ದು. ಸಹಿ ಹಾಕೋಕೆ ರಾಜ್ಯಗಳ ಒಪ್ಪಿಗೆ ಬೇಕಿಲ್ಲ. ಹಾಗಾಗಿ ವಿಧಾನಸೌಧದಲ್ಲಿ ಯಾರೇ ಕೂತರೂ ರೇಷ್ಮೆ ಸುಂಕ ಅವರ ಕೈಯಲ್ಲಿಲ್ಲ. ಅವರು ಪತ್ರ ಬರೆಯಬಹುದು, ಒತ್ತಾಯಿಸಬಹುದು, ಪ್ರೋತ್ಸಾಹಧನ ಏರಿಸಬಹುದು, ಮಾರುಕಟ್ಟೆ ಸುಧಾರಿಸಬಹುದು.

ಹಾಗಂತ ನಮ್ಮ ನಾಯಕರು ಕೈಚೆಲ್ಲಿ ಕೂರುವ ಹಾಗೂ ಇಲ್ಲ. ಕುಮಾರಸ್ವಾಮಿ 2024ರಿಂದ ಕೇಂದ್ರ ಸಚಿವರು. ಅದೇ ವರ್ಷ ಬೆಂಗಳೂರು ಗ್ರಾಮಾಂತರದಿಂದ ಗೆದ್ದ ಡಾ. ಸಿ.ಎನ್. ಮಂಜುನಾಥ್ ಲೋಕಸಭೆಯಲ್ಲಿದ್ದಾರೆ. ಅವರೆದುರು ಸೋತ ಡಿ.ಕೆ. ಸುರೇಶ್ 2025ರಲ್ಲಿ ಬಮೂಲ್ ಅಧ್ಯಕ್ಷರಾದರು. ದಿಲ್ಲಿಯ ಮಾತು, ಡೇರಿಯ ಮಾತು ಎರಡನ್ನೂ ಕೇಳಿಸಬಲ್ಲವರು ಮೂರೂ ಪಕ್ಷಗಳಲ್ಲಿ ಇದ್ದಾರೆ.

ನಾವು ಕೇಳಬಹುದಾದ ಮೂರು ಪ್ರಶ್ನೆ

ಮುಂದಿನ ಸಲ ಯಾವ ಪಕ್ಷದವರು ಮನೆ ಬಾಗಿಲಿಗೆ ಬಂದರೂ ಇಷ್ಟು ಕೇಳೋಣ. ಕಚ್ಚಾ ರೇಷ್ಮೆಯ ಸುಂಕ ಎಷ್ಟಿರಬೇಕು ಅಂತೀರಿ? ಹೊಸ ಒಪ್ಪಂದದಲ್ಲಿ ಹಾಲನ್ನು ಹೊರಗಿಡೋಕೆ ನೀವೇನು ಮಾಡಿದ್ರಿ? ಸುಂಕದ ಆಸರೆ ನಾಳೆ ಹೋದರೆ ಬೊಂಬೆ ಮಾಡುವವರಿಗೆ, ಹುಳು ಸಾಕುವವರಿಗೆ ಬೇರೆ ಏನು ದಾರಿ ಇಟ್ಟಿದ್ದೀರಿ?

2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸಚಿವ ಸಂಪುಟ ಒಪ್ಪಿದಾಗ ಪರ-ವಿರೋಧ ಎಷ್ಟು ಜೋರಾಗಿತ್ತು, ನೋಡಿದ್ರಲ್ಲ. ಅದರ ಅರ್ಧದಷ್ಟು ದನಿ ಈ ಮೂರು ಪ್ರಶ್ನೆಗೆ ಬಂದರೂ ಸಾಕು. ಕುರ್ಚಿ ಯಾರಿಗೆ ಅನ್ನೋದು ಒಂದು ದಿನ ಹೇಗೂ ಗೊತ್ತಾಗುತ್ತೆ. ಗೂಡಿನ ಹರಾಜಿಗೆ ಬಂದ ರೈತನಿಗೆ ಮಾತ್ರ ಅಷ್ಟು ದಿನ ಕಾಯೋಕಾಗಲ್ಲ.