ಬೈಪಾಸ್ ನಂತರದ ಬದುಕು: ಉದ್ಯಮಿಗಳು ಗಮನಿಸಬೇಕಾದ ದೀರ್ಘಾವಧಿಯ ಲೆಕ್ಕ

ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ವರ್ತಕರು ವೈದ್ಯರಲ್ಲಿ ಮೊದಲು ಕೇಳುವ ಪ್ರಶ್ನೆ, “ಅಂಗಡಿಗೆ ಯಾವಾಗ ಹೋಗಬಹುದು?” ಎಂಬುದು. ಹತ್ತು ವರ್ಷಗಳ ನಂತರ ತಾವು ಹೇಗಿರಬೇಕೆಂಬ ಪ್ರಶ್ನೆಯನ್ನೂ ಅಂದೇ ಕೇಳಿಕೊಳ್ಳುವುದು ಒಳಿತು.

1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ರೆನೆ ಫವಲೊರೊ ಅವರು ಕಾಲಿನ ಅಭಿಧಮನಿಯನ್ನು ಬಳಸಿ ಈ ಶಸ್ತ್ರಚಿಕಿತ್ಸೆಗೆ ವ್ಯವಸ್ಥಿತ ರೂಪ ನೀಡಿದರು. ಭಾರತದಲ್ಲಿ 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಅವರು ಇದನ್ನು ಮೊದಲು ನೆರವೇರಿಸಿದರು. ಇಂದು ಇದು ನಮ್ಮ ನಗರಗಳ ಆಸ್ಪತ್ರೆಗಳಲ್ಲಿ ನಿತ್ಯವೂ ನಡೆಯುವ ಚಿಕಿತ್ಸೆಯಾಗಿದೆ.

ಬೈಪಾಸ್ ಎಂದರೆ ಅಡಚಣೆಯುಳ್ಳ ರಕ್ತನಾಳವನ್ನು ಬಳಸಿ ಸಾಗುವ ಹೊಸ ಮಾರ್ಗ. ರಕ್ತನಾಳಗಳಲ್ಲಿ ಕೊಬ್ಬು ಶೇಖರವಾಗುವ ಮೂಲ ಕಾಯಿಲೆ ಹಾಗೆಯೇ ಉಳಿದಿರುತ್ತದೆ. ಹೊಸ ಮಾರ್ಗಕ್ಕೂ ಸವಕಳಿಯುಂಟು. ಎದೆಯ ಒಳಗಿನ ಅಪಧಮನಿಯಿಂದ ಮಾಡಿದ ಜೋಡಣೆಗಳಲ್ಲಿ ಸುಮಾರು ಶೇ. 90ರಷ್ಟು 10 ವರ್ಷಗಳ ನಂತರವೂ ತೆರೆದಿರುತ್ತವೆ. ಕಾಲಿನ ಅಭಿಧಮನಿಯ ಜೋಡಣೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಷ್ಟರೊಳಗೆ ಮುಚ್ಚಿಹೋಗಬಹುದು. ಧೂಮಪಾನ, ಹತೋಟಿ ತಪ್ಪಿದ ಮಧುಮೇಹ ಹಾಗೂ ರಕ್ತದೊತ್ತಡಗಳು ಈ ಸವಕಳಿಯನ್ನು ತ್ವರಿತಗೊಳಿಸುತ್ತವೆ.

ಅಪಾಯವಿರುವುದು ಇಲ್ಲಿಯೇ. ಶಸ್ತ್ರಚಿಕಿತ್ಸೆಯ ನಂತರ ಬಹುಪಾಲು ಜನರಿಗೆ ಎದೆನೋವು ಇಲ್ಲವಾಗುತ್ತದೆ. ಕೆಲಸದ ಹುರುಪು ಮರಳುತ್ತದೆ. ರೋಗ ವಾಸಿಯಾಯಿತೆಂದು ಭಾವಿಸಿ ಕೆಲವರು ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಜೀವನಪರ್ಯಂತ ಸೇವಿಸಬೇಕಾದ ಈ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಬಿಡಬಾರದು. ನೋವು ಮತ್ತೆ ಕಾಣಿಸಿಕೊಂಡರೆ ವಾಯುವೆಂದು ಕಡೆಗಣಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎದೆಮೂಳೆ ಕೂಡಿಕೊಳ್ಳಲು ಸುಮಾರು 6ರಿಂದ 12 ವಾರಗಳು ಬೇಕು. ಆ ಅವಧಿಯಲ್ಲಿ ಮೂಟೆ ಎತ್ತುವುದು, ಅಂಗಡಿಯ ಷಟರ್ ಎಳೆಯುವುದು ಸಲ್ಲದು. ಮೊದಲ ತಿಂಗಳುಗಳಲ್ಲಿ ಖಿನ್ನತೆ, ನಿದ್ರಾಹೀನತೆಗಳು ಕಾಡುವುದುಂಟು. ಅದನ್ನು ದೌರ್ಬಲ್ಯವೆಂದು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಅವರ ಮಾರ್ಗದರ್ಶನದಲ್ಲಿ ನಡಿಗೆಯನ್ನು ಕ್ರಮೇಣ ಹೆಚ್ಚಿಸಿಕೊಳ್ಳುವುದು ದೇಹಕ್ಕೂ ಮನಸ್ಸಿಗೂ ಹಿತಕರ.

ಸಣ್ಣ ಉದ್ದಿಮೆಗಳಲ್ಲಿ ಖರೀದಿ, ಬಾಕಿ ವಸೂಲಿ, ಚೆಕ್ಕಿನ ಸಹಿ ಎಲ್ಲವೂ ಮಾಲೀಕರೊಬ್ಬರ ಕೈಯಲ್ಲಿರುತ್ತವೆ. ಅಂಥವರಿಗೆ ವಿಶ್ರಾಂತಿ ಎಂಬುದು ಮಾತಿನಲ್ಲಿ ಮಾತ್ರ ಉಳಿಯುತ್ತದೆ. ಆದುದರಿಂದ ಎರಡನೆಯ ಸಹಿದಾರರನ್ನು ನೇಮಿಸುವುದು, ವ್ಯವಹಾರದ ವಿವರಗಳನ್ನು ಮನೆಯವರಿಗೋ ಪಾಲುದಾರರಿಗೋ ತಿಳಿಸಿಡುವುದು ಸಹ ಆರೋಗ್ಯರಕ್ಷಣೆಯ ಭಾಗವೇ ಆಗಿದೆ.

ಯಂತ್ರಕ್ಕೆ ತಪ್ಪದೆ ವಾರ್ಷಿಕ ನಿರ್ವಹಣೆ ಮಾಡಿಸುವ ಉದ್ಯಮಿಗಳು ತಮ್ಮ ಹೃದಯದ ತಪಾಸಣೆಯ ದಿನವನ್ನೂ ದಿನಚರಿಯಲ್ಲಿ ಗುರುತು ಹಾಕಿಕೊಳ್ಳಲಿ.